ಹಣೆಬರಹವನ್ನ ತಾನೇ ಬರೆದುಕೊಂಡ ಫ್ರೀಡಾ: ಮುರಿದ ಮೈಯನ್ನೇ ಚಿತ್ರ ಮಾಡಿದ ಕಲಾವಿದೆ ಹೇಳಿದ್ದೇನು?

ಆಕಾಶದಲ್ಲಿ ತೇಲುತ್ತಿರೋ ಒಂದು ಮಂಚ. ಅದರ ಮೇಲೆ ಹಳದಿ ಹೊದಿಕೆ ಹೊದ್ದು ಒಬ್ಬ ಹೆಂಗಸು ಮಲಗಿದ್ದಾಳೆ, ಅವಳ ಮೈಮೇಲೆ ಬಳ್ಳಿ ಹಬ್ಬಿದೆ. ಮಂಚದ ಮೇಲ್ಛಾವಣಿ ಮೇಲೆ ಒಂದು ಅಸ್ಥಿಪಂಜರ ಕೂಡ ಮಲಗಿದೆ, ಅದರ ಮೂಳೆಗೆ ಸಿಡಿಮದ್ದು ಕಟ್ಟಿದೆ. ಚಿತ್ರದ ಹೆಸರು ‘ಕನಸು’, ಇನ್ನೊಂದು ಹೆಸರು ‘ಹಾಸಿಗೆ’. ಬರೆದಿದ್ದು 1940ರಲ್ಲಿ, ಮೆಕ್ಸಿಕೊ ದೇಶದ ಫ್ರೀಡಾ ಕಾಹ್ಲೋ.

2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೋದಬೀಸ್ ಹರಾಜಿನಲ್ಲಿ ಈ ಚಿತ್ರ 5.47 ಕೋಟಿ ಡಾಲರ್‌ಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ಹೆಚ್ಚೂಕಡಿಮೆ 480 ಕೋಟಿ ರೂಪಾಯಿ. ಹರಾಜಿನಲ್ಲಿ ಒಬ್ಬ ಮಹಿಳಾ ಕಲಾವಿದೆಯ ಚಿತ್ರಕ್ಕೆ ಇಷ್ಟು ಬೆಲೆ ಅದುವರೆಗೆ ಬಂದಿರಲಿಲ್ಲ. 1980ರಲ್ಲಿ ಇದೇ ಚಿತ್ರ ಮಾರಾಟವಾಗಿದ್ದು 51 ಸಾವಿರ ಡಾಲರ್‌ಗೆ.

ಸುದ್ದಿ ಬಂತು, ಬೆಲೆ ನೋಡಿ ಎಲ್ಲರೂ ಹೌಹಾರಿದ್ರು, ಆಮೇಲೆ ಮರೆತ್ರು. ಆದ್ರೆ ಈ ಹೆಂಗಸು ಯಾಕೆ ಜೀವನಪೂರ್ತಿ ತನ್ನ ಮೈಯನ್ನೇ ಬರೀತಾ ಕೂತಳು ಅನ್ನೋ ಪ್ರಶ್ನೆ ಬೆಲೆಗಿಂತ ದೊಡ್ಡದು. ಅದನ್ನ ಇಲ್ಲಿ ಸರಳವಾಗಿ ನೋಡೋಣ.

ಯಾರು ಈ ಫ್ರೀಡಾ?

ಫ್ರೀಡಾ ಹುಟ್ಟಿದ್ದು 1907ರ ಜುಲೈ 6ರಂದು, ಮೆಕ್ಸಿಕೊ ನಗರದ ಕೊಯೊವಾಕಾನ್ ಬಡಾವಣೆಯಲ್ಲಿ. ಅಪ್ಪ ಜರ್ಮನಿಯಿಂದ ವಲಸೆ ಬಂದ ಫೋಟೊಗ್ರಾಫರ್. ಅಮ್ಮನ ಕಡೆಯವರಲ್ಲಿ ಮೆಕ್ಸಿಕೊದ ಮೂಲನಿವಾಸಿಗಳ ರಕ್ತವೂ ಇತ್ತು, ಸ್ಪೇನ್‌ನವರ ರಕ್ತವೂ ಇತ್ತು. ‘ನಾನು ಯಾರು’ ಅನ್ನೋ ಪ್ರಶ್ನೆ ಹುಟ್ಟಿನಿಂದಲೇ ಬೆನ್ನಿಗೆ ಬಿದ್ದಿತ್ತು ಅನ್ನಬಹುದು.

ಹುಟ್ಟಿದ ವರ್ಷವನ್ನ ಅವರು 1910 ಅಂತಲೇ ಹೇಳ್ಕೊಳ್ತಿದ್ರು. ಯಾಕಂದ್ರೆ ಮೆಕ್ಸಿಕೊ ಕ್ರಾಂತಿ ಶುರುವಾಗಿದ್ದು ಆ ವರ್ಷ. ಹೊಸ ದೇಶದ ಜೊತೆಗೇ ನಾನೂ ಹುಟ್ಟಿದೆ ಅಂತ ಅವರೇ ತೀರ್ಮಾನ ಮಾಡ್ಕೊಂಡಿದ್ರು. ನಮ್ಮೂರಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡ್ತಿದ್ದರಲ್ಲ, ಆ ಥರ ಅಲ್ಲ. ಇದು ಬೇಕಂತಲೇ ಆರಿಸ್ಕೊಂಡಿದ್ದು.

ಆರನೇ ವಯಸ್ಸಿಗೆ ಪೋಲಿಯೊ ಬಂತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಎದ್ದಾಗ ಬಲಗಾಲು ಸಣ್ಣಗಾಗಿತ್ತು. ಜೊತೆ ಮಕ್ಕಳು ಮರಗಾಲಿನ ಫ್ರೀಡಾ ಅಂತ ಅಡ್ಡಹೆಸರಿಟ್ಟರು. ಭಾರತವನ್ನ ಪೋಲಿಯೊ ಮುಕ್ತ ಅಂತ ಘೋಷಿಸಿದ್ದು 2014ರಲ್ಲಿ. ಅದಕ್ಕೂ ಮುಂಚೆ ಕಾಯಿಲೆ ಬಂದವರು ನಮ್ಮ ಹೋಬಳಿ, ತಾಲ್ಲೂಕುಗಳಲ್ಲಿ ಈಗಲೂ ಇದ್ದಾರೆ. ಅವರ ಹೆಸರಿನ ಹಿಂದೆ ಊರು ಸೇರಿಸಿಟ್ಟ ಪದ ಏನು ಅಂತ ನಿಮಗೂ ಗೊತ್ತು. ಕಾಲಿನ ಮೇಲೆ ಹೆಸರು ಬೀಳೋದು ಮೆಕ್ಸಿಕೊದಲ್ಲೂ ಹಾಗೇ ಇತ್ತು.

ಹುಡುಗಿ ಓದೋದ್ರಲ್ಲಿ ಚುರುಕು. 1922ರಲ್ಲಿ ದೇಶದ ಪ್ರತಿಷ್ಠಿತ ಪ್ರಿಪರೇಟರಿ ಶಾಲೆಗೆ ಸೇರಿದರು. ಅಲ್ಲಿದ್ದ ಸುಮಾರು 2000 ವಿದ್ಯಾರ್ಥಿಗಳಲ್ಲಿ ಹುಡುಗಿಯರು 35 ಮಂದಿ. ಡಾಕ್ಟರ್ ಆಗಬೇಕು ಅನ್ನೋದು ಆಸೆ.

ಒಂದು ಕೊಡೆ, ಒಂದು ಬಸ್ಸು

1925ರ ಸೆಪ್ಟೆಂಬರ್ 17. ಫ್ರೀಡಾಗೆ 18 ವರ್ಷ. ಸ್ನೇಹಿತನ ಜೊತೆ ಮನೆಗೆ ಹೋಗೋಕೆ ಬಸ್ ಹತ್ತಿದ್ದರು. ಕೊಡೆ ಕಳೆದುಹೋಗಿದೆ ಅಂತ ಗೊತ್ತಾಗಿ ಇಬ್ಬರೂ ಇಳಿದು ಹುಡುಕಿದರು. ಆಮೇಲೆ ಬಂದ ಇನ್ನೊಂದು ಬಸ್ ಹತ್ತಿದರು. ಆ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೀತು.

ಬಸ್ಸಿನೊಳಗಿನ ಕಬ್ಬಿಣದ ಕೈಹಿಡಿ ಕಂಬಿ ಫ್ರೀಡಾ ಅವರ ಸೊಂಟದ ಭಾಗಕ್ಕೆ ಹೊಕ್ಕಿತು. ಬೆನ್ನೆಲುಬು ಮೂರು ಕಡೆ ಮುರೀತು. ಕೊರಳಿನ ಮೂಳೆ, ಪಕ್ಕೆಲುಬು, ಸೊಂಟದ ಮೂಳೆ ಎಲ್ಲಾ ಹೋಯ್ತು. ಪೋಲಿಯೊದಿಂದ ಸೊರಗಿದ್ದ ಅದೇ ಬಲಗಾಲು 11 ಕಡೆ ಮುರೀತು. ಬದುಕ್ತಾಳೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ.

ನಮ್ಮ ಅಜ್ಜಿಯಂದಿರು ಈ ಕಥೆ ಕೇಳಿದ್ದಿದ್ರೆ ಒಂದೇ ಮಾತಲ್ಲಿ ಮುಗಿಸ್ತಿದ್ರು: ‘ಹಣೇಲಿ ಬರೆದಿತ್ತು.’ ಕೊಡೆ ಕಳೆಯದೇ ಇದ್ದಿದ್ರೆ ಆ ಬಸ್ ಹತ್ತುತ್ತಿರಲಿಲ್ಲ, ನಿಜ. ಆದ್ರೆ ಹಾಗೆ ಹೇಳಿದ ತಕ್ಷಣ ಮಾತು ನಿಂತುಹೋಗುತ್ತೆ. ಮುಂದೆ ಕೇಳೋಕೆ ಏನೂ ಉಳಿಯಲ್ಲ.

ಅಪಘಾತದ ಸುದ್ದಿ ನಮ್ಮ ಜಿಲ್ಲೆಯಲ್ಲೂ ಹೊಸದೇನಲ್ಲ. ಬಸ್ಸು–ಲಾರಿ ಡಿಕ್ಕಿ, ಇಬ್ಬರ ಸಾವು, ಮೂವರಿಗೆ ಗಂಭೀರ ಗಾಯ, ಠಾಣೆಯಲ್ಲಿ ಪ್ರಕರಣ ದಾಖಲು. ಸುದ್ದಿ ಅಲ್ಲಿಗೆ ಮುಗಿಯುತ್ತೆ. ಆ ‘ಗಂಭೀರ ಗಾಯ’ದವರು ಮನೆಗೆ ಬಂದ ಮೇಲೆ ಏನಾದರು? ಕಾಲಲ್ಲಿ ರಾಡು ಹಾಕಿಸ್ಕೊಂಡು ನಡುಮನೆಯಲ್ಲಿ ಮಲಗಿ ಏನು ಯೋಚನೆ ಮಾಡ್ತಾರೆ? ಅದು ಸುದ್ದಿ ಆಗಲ್ಲ. ಫ್ರೀಡಾ ಚಿತ್ರಗಳು ಶುರುವಾಗೋದು ಸರಿಯಾಗಿ ಅಲ್ಲಿಂದ.

ಮಂಚದ ಮೇಲಿನ ಕನ್ನಡಿ

ಆಸ್ಪತ್ರೆಯಿಂದ ಬಂದ ಮೇಲೆ ಅಲುಗಾಡೋ ಹಾಗಿರಲಿಲ್ಲ. ಮೈಗೆ ಪ್ಲಾಸ್ಟರ್ ಹಾಕಿದ್ರು. ಮಲಗಿಕೊಂಡೇ ಚಿತ್ರ ಬರೆಯೋ ಹಾಗೆ ಅಮ್ಮ ಬಡಗಿ ಹತ್ರ ಒಂದು ಸ್ಟ್ಯಾಂಡ್ ಮಾಡಿಸಿಕೊಟ್ಟರು. ಅಪ್ಪ ತಮ್ಮ ಬಣ್ಣದ ಪೆಟ್ಟಿಗೆ ಕೊಟ್ಟರು. ಮಂಚದ ಮೇಲ್ಛಾವಣಿಗೆ ಒಂದು ಕನ್ನಡಿ ಕಟ್ಟಿಸಿದರು.

ಕಣ್ಣು ಬಿಟ್ಟರೆ ಕಾಣ್ತಿದ್ದಿದ್ದು ಒಂದೇ ಮುಖ, ತನ್ನದೇ. ಬೇರೆ ಯಾರನ್ನ ಬರೀಬೇಕು? 1926ರಲ್ಲಿ ಮೊದಲ ಮುಖ್ಯ ಸ್ವಂತ ಚಿತ್ರ ಬಂತು. ಜೀವನದಲ್ಲಿ ಬರೆದಿದ್ದು ಹೆಚ್ಚೂಕಡಿಮೆ ನೂರೈವತ್ತು ಚಿತ್ರ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ತನ್ನದೇ ಚಿತ್ರಗಳು.

ಇದನ್ನ ಈಗಿನ ಸೆಲ್ಫಿ ಅಂತ ಅಂದುಕೊಂಡ್ರೆ ತಪ್ಪಾಗುತ್ತೆ. ಸೆಲ್ಫಿಯಲ್ಲಿ ನಾವು ಮೊಡವೆ ಅಳಿಸ್ತೀವಿ, ಬಣ್ಣ ತಿಳಿ ಮಾಡ್ತೀವಿ. ಫ್ರೀಡಾ ಮಾಡಿದ್ದು ಉಲ್ಟಾ. ಕೂಡಿಕೊಂಡ ಹುಬ್ಬನ್ನ ಇನ್ನೂ ದಟ್ಟವಾಗಿ ಬರೆದರು. ಮೇಲ್ದುಟಿ ಮೇಲಿನ ಸಣ್ಣ ಮೀಸೆಯನ್ನೂ ಬಿಡಲಿಲ್ಲ. ಬೇರೆಯವರು ಯಾವುದನ್ನ ನೋಡಿ ನಗ್ತಾರೋ ಅದನ್ನೇ ಮುಂದಕ್ಕಿಟ್ಟರು.

ಮೈ ಒಡೆದು ತೋರಿಸಿದ ಚಿತ್ರಗಳು

1929ರಲ್ಲಿ ಫ್ರೀಡಾ, ಮೆಕ್ಸಿಕೊದ ಆಗಿನ ಅತಿ ದೊಡ್ಡ ಭಿತ್ತಿಚಿತ್ರ ಕಲಾವಿದ ಡಿಯೇಗೊ ರಿವೇರಾ ಅವರನ್ನ ಮದುವೆಯಾದರು. ಅವರಿಗೆ 42, ಇವರಿಗೆ 22. 1932ರಲ್ಲಿ ಡಿಯೇಗೊ ಕೆಲಸದ ಮೇಲೆ ಇಬ್ಬರೂ ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದಾಗ ಫ್ರೀಡಾಗೆ ಗರ್ಭಪಾತ ಆಯ್ತು. ಆಸ್ಪತ್ರೆಯಲ್ಲೇ ವೈದ್ಯಕೀಯ ಪುಸ್ತಕ ಬೇಕು ಅಂತ ಕೇಳಿದರು. ಹೋದ ಮಗುವನ್ನ ಸರಿಯಾಗಿ ಬರೀಬೇಕಿತ್ತು.

ಆಗ ಬಂದಿದ್ದು ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಅನ್ನೋ ಚಿತ್ರ. ಬಯಲಿನಲ್ಲಿ ಒಂದು ಕಬ್ಬಿಣದ ಮಂಚ, ರಕ್ತ ಆದ ಹಾಸಿಗೆ, ಬೆತ್ತಲೆ ಮಲಗಿ ಅಳ್ತಿರೋ ಹೆಂಗಸು. ಅವಳ ಕೈಯಿಂದ ಆರು ಕೆಂಪು ದಾರ ಹೊರಟಿವೆ. ಒಂದೊಂದರ ತುದಿಗೆ ಒಂದೊಂದು: ಮಗು, ಬಸವನ ಹುಳು, ಸೊಂಟದ ಮೂಳೆ, ಒಂದು ಯಂತ್ರ, ಹೂವು, ವೈದ್ಯರ ಪಾಠದ ಬೊಂಬೆಯ ಹೊಟ್ಟೆ ಭಾಗ. ಗರ್ಭಪಾತ ಅನ್ನೋದು ಮನೆಯೊಳಗೆ ಪಿಸುಮಾತಲ್ಲಿ ಮುಗಿಸೋ ವಿಷಯ ಆಗಿದ್ದ ಕಾಲ ಅದು. ನಮ್ಮ ಮನೆಗಳಲ್ಲಿ ಇವತ್ತೂ ಹಾಗೇ ಅಲ್ವಾ?

ಈ ಚಿತ್ರ ಬರೆದಿದ್ದು ಬಟ್ಟೆ ಮೇಲಲ್ಲ, ಲೋಹದ ತಗಡಿನ ಮೇಲೆ. ಅದಕ್ಕೆ ಕಾರಣ ಇದೆ. ಮೆಕ್ಸಿಕೊದಲ್ಲಿ ಕಾಯಿಲೆ ವಾಸಿಯಾದ್ರೆ, ಅಪಘಾತದಲ್ಲಿ ಜೀವ ಉಳಿದ್ರೆ, ಆ ಘಟನೆಯನ್ನ ಸಣ್ಣ ತಗಡಿನ ಮೇಲೆ ಬರೆಸಿ ಚರ್ಚಿಗೆ ಹರಕೆ ಒಪ್ಪಿಸೋ ಪದ್ಧತಿ ಇದೆ. ಲೋಹದಲ್ಲಿ ಮಾಡಿದ ಪುಟ್ಟ ಕೈ, ಕಾಲು, ಕಣ್ಣು ಕೂಡ ಒಪ್ಪಿಸ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿ ಕಣ್ಣು, ಬೆಳ್ಳಿ ಕಾಲು ಹರಕೆ ಹಾಕೋದು ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಫ್ರೀಡಾ ಅಂಥ ತಗಡು ಚಿತ್ರಗಳನ್ನ ನೂರಾರು ಕೂಡಿಟ್ಟಿದ್ದರು. ಒಂದೇ ವ್ಯತ್ಯಾಸ: ಹರಕೆ ತಗಡಿನಲ್ಲಿ ಮೇಲೆ ಒಬ್ಬ ದೇವರು ಇರ್ತಾನೆ, ಕಾಪಾಡಿರ್ತಾನೆ. ಫ್ರೀಡಾ ತಗಡಿನಲ್ಲಿ ಮೇಲೆ ಬರೀ ಆಕಾಶ.

1944ರ ‘ಮುರಿದ ಕಂಬ’ ಇನ್ನೂ ನೇರ. ಕತ್ತಿನಿಂದ ಸೊಂಟದವರೆಗೆ ಮೈ ಸೀಳಿದೆ. ಬೆನ್ನೆಲುಬಿನ ಜಾಗದಲ್ಲಿ ಹಳೇ ಗ್ರೀಕ್ ದೇವಸ್ಥಾನದ ಥರದ ಕಲ್ಲುಕಂಬ, ಅದೂ ಹಲವು ಕಡೆ ಬಿರುಕು ಬಿಟ್ಟಿದೆ. ಮೈ ಬಿಚ್ಚಿಹೋಗದ ಹಾಗೆ ಬೆಲ್ಟುಗಳು ಬಿಗಿದು ಹಿಡಿದಿವೆ. ಆಗ ಡಾಕ್ಟರ್ ಅವರಿಗೆ ಉಕ್ಕಿನ ಸೊಂಟಪಟ್ಟಿ ಹಾಕಿದ್ದು ನಿಜವೇ. ಮೈಯೆಲ್ಲಾ ಮೊಳೆ. ಕಣ್ಣಲ್ಲಿ ನೀರಿದೆ. ಆದ್ರೆ ಮುಖ ಅಳ್ತಾ ಇಲ್ಲ, ನಮ್ಮನ್ನೇ ನೋಡ್ತಿದೆ. ‘ಅಯ್ಯೋ ಪಾಪ’ ಅನ್ನೋಕೆ ಬಾಯಿ ತೆರೆದವರು ಆ ನೋಟ ನೋಡಿ ಸುಮ್ಮನಾಗ್ತಾರೆ.

‘ನಾನು ಯಾರು?’ ಅನ್ನೋದಕ್ಕೆ ಎರಡು ಮೈ

ಮೈಗೆ ಆದದ್ದು ಒಂದು ಕಡೆ. ಆ ಮೈಯನ್ನ ತಾನು ಏನು ಮಾಡ್ಕೊಂಡೆ ಅನ್ನೋದು ಇನ್ನೊಂದು ಕಡೆ. ಫ್ರೀಡಾ ಎರಡನ್ನೂ ಬಿಡಲಿಲ್ಲ.

ಅವರ ಉದ್ದ ಲಂಗ, ಕಸೂತಿ ರವಿಕೆ, ತಲೆತುಂಬ ಹೂವು ನೀವು ಫೋಟೊಗಳಲ್ಲಿ ನೋಡಿರ್ತೀರಿ. ಅದು ಮೆಕ್ಸಿಕೊದ ದಕ್ಷಿಣದ ತೆಹುವಾಂಟೆಪೆಕ್ ಸೀಮೆಯ ಹೆಂಗಸರ ಉಡುಪು. ಆ ಸೀಮೆಯಲ್ಲಿ ಸಂತೆ ವ್ಯಾಪಾರ ಹೆಂಗಸರ ಕೈಯಲ್ಲಿ, ಗಟ್ಟಿಗಿತ್ತಿಯರು ಅಂತ ಹೆಸರು. ಲಂಗ ಸಣ್ಣ ಕಾಲನ್ನ ಮುಚ್ಚುತ್ತಿತ್ತು, ನಿಜ. ಆದ್ರೆ ಅದರ ಜೊತೆಗೇ ‘ನಾನು ಈ ಮಣ್ಣಿನವಳು’ ಅಂತ ಸಾರುತ್ತಿತ್ತು. ಒಂದೇ ಬಟ್ಟೆಯಿಂದ ಮುಚ್ಚೋದೂ ಆಯ್ತು, ಹೇಳೋದೂ ಆಯ್ತು.

1939ರಲ್ಲಿ ಡಿಯೇಗೊ ಜೊತೆ ವಿಚ್ಛೇದನ ಆಯ್ತು. ಅದೇ ವರ್ಷದ ‘ಇಬ್ಬರು ಫ್ರೀಡಾ’ ಚಿತ್ರದಲ್ಲಿ ಇಬ್ಬರು ಹೆಂಗಸರು ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬಳು ಯುರೋಪಿನ ಬಿಳಿ ಗೌನಿನಲ್ಲಿ, ಇನ್ನೊಬ್ಬಳು ತೆಹುವಾನಾ ಉಡುಪಿನಲ್ಲಿ. ಇಬ್ಬರ ಹೃದಯವೂ ಹೊರಗೆ ಕಾಣ್ತಿದೆ. ಒಂದೇ ರಕ್ತನಾಳ ಇಬ್ಬರನ್ನೂ ಕಟ್ಟಿದೆ. ಬಿಳಿ ಬಟ್ಟೆಯವಳ ಕೈಯಲ್ಲಿ ಆಪರೇಷನ್ ಚಿಮುಟ, ರಕ್ತ ನಿಲ್ಲಿಸೋಕೆ ನೋಡ್ತಿದ್ದಾಳೆ, ಆದ್ರೂ ಬಟ್ಟೆ ಮೇಲೆ ತೊಟ್ಟಿಕ್ಕುತ್ತಿದೆ. ಇಬ್ಬರಲ್ಲಿ ಯಾರು ನಿಜವಾದ ಫ್ರೀಡಾ? ಚಿತ್ರ ಹೇಳಲ್ಲ. ಒಬ್ಬಳನ್ನ ಕತ್ತರಿಸಿದ್ರೆ ಇನ್ನೊಬ್ಬಳೂ ಸಾಯ್ತಾಳೆ ಅನ್ನೋದಂತೂ ಕಾಣುತ್ತೆ.

1940ರಲ್ಲಿ ಇನ್ನೊಂದು. ಗಂಡಸಿನ ದೊಗಳೆ ಸೂಟು ಹಾಕಿ ಕುರ್ಚಿ ಮೇಲೆ ಕೂತ ಫ್ರೀಡಾ. ಕೈಯಲ್ಲಿ ಕತ್ತರಿ. ಕತ್ತರಿಸಿದ ಜಡೆಯ ಕೂದಲು ನೆಲದ ತುಂಬ ಹಾವಿನ ಹಾಗೆ ಬಿದ್ದಿದೆ. ಹೆಣ್ಣು ಅಂದ್ರೆ ಜಡೆ, ಹೂವು, ಲಂಗ ಅಂತ ಲೋಕ ಅಂದ್ರೆ, ‘ಅದನ್ನ ತೆಗೆದಿಟ್ಟೂ ನಾನು ಇದ್ದೇನೆ’ ಅನ್ನೋ ಹಾಗಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಡಿಯೇಗೊ ಅವರನ್ನೇ ಮತ್ತೆ ಮದುವೆಯಾದರು. ಫ್ರೀಡಾ ಸುಲಭಕ್ಕೆ ಒಂದು ಚೌಕಟ್ಟಿಗೆ ಸಿಗಲ್ಲ.

ಜಿಂಕೆಯ ಚಿತ್ರದಲ್ಲಿ ನಮ್ಮ ಪದ

ಈಗ ಹಣೆಬರಹಕ್ಕೆ ಬರೋಣ. ನಮ್ಮ ಕಡೆ ಬ್ರಹ್ಮ ಹಣೆ ಮೇಲೆ ಬರೆದಿದ್ದನ್ನ ಯಾರೂ ಓದೋಕಾಗಲ್ಲ ಅಂತಾರೆ. 1943ರಲ್ಲಿ ಫ್ರೀಡಾ ತಮ್ಮ ಎರಡು ಚಿತ್ರಗಳಲ್ಲಿ ಹಣೆ ಮೇಲೇ ಬರೆದರು. ಒಂದರಲ್ಲಿ ಹಣೆಯ ನಡುವೆ ಡಿಯೇಗೊ ಮುಖ ಇದೆ. ಇನ್ನೊಂದರಲ್ಲಿ ಒಂದು ಸಣ್ಣ ವೃತ್ತ, ಅದರೊಳಗೆ ತಲೆಬುರುಡೆ ಮತ್ತು ಮೂಳೆ. ಒಂದು ಪ್ರೀತಿ, ಒಂದು ಸಾವು. ನಮ್ಮ ನಂಬಿಕೆ ಅವರಿಗೆ ಗೊತ್ತಿದ್ದು ಹೀಗೆ ಬರೆದರು ಅಂತ ನಾನು ಹೇಳ್ತಿಲ್ಲ. ಆದ್ರೆ ಕನ್ನಡದಲ್ಲಿ ಅಕ್ಷರವನ್ನೂ ಬರೀತೀವಿ, ಚಿತ್ರವನ್ನೂ ಬರೀತೀವಿ. ಹಾಗಾಗಿ ಕನ್ನಡದವರ ಕಣ್ಣಿಗೆ ಇವು ಹಣೆಬರಹದ ಚಿತ್ರಗಳಾಗಿಯೇ ಕಾಣುತ್ತವೆ. ವ್ಯತ್ಯಾಸ ಅಂದ್ರೆ, ಇಲ್ಲಿ ಬರಹ ಎಲ್ಲರಿಗೂ ಓದೋಕೆ ಸಿಗುತ್ತೆ, ಬರೆದ ಕೈಯೂ ಅವಳದ್ದೇ.

ಇದಕ್ಕಿಂತ ಆಶ್ಚರ್ಯ 1946ರ ‘ಗಾಯಗೊಂಡ ಜಿಂಕೆ’ ಚಿತ್ರದ್ದು. ಕಾಡಿನೊಳಗೆ ಓಡ್ತಿರೋ ಜಿಂಕೆ, ಮುಖ ಮಾತ್ರ ಫ್ರೀಡಾದು, ತಲೆ ಮೇಲೆ ಗಂಡು ಜಿಂಕೆಯ ಕೊಂಬು. ಮೈಗೆ ಒಂಬತ್ತು ಬಾಣ ನೆಟ್ಟಿವೆ. ಚಿತ್ರದ ಕೆಳಗೆ ಎಡಮೂಲೆಯಲ್ಲಿ ಹೆಸರು, ವರ್ಷದ ಜೊತೆ ಒಂದು ಪದ ಇದೆ: ‘ಕರ್ಮ’. ಹೌದು, ನಾವು ದಿನಾ ಬಳಸೋ ಅದೇ ಕರ್ಮ, ಅವರ ಲಿಪಿಯಲ್ಲಿ. ಅದೇ ವರ್ಷ ಅವರಿಗೆ ನ್ಯೂಯಾರ್ಕಿನಲ್ಲಿ ಬೆನ್ನೆಲುಬಿನ ದೊಡ್ಡ ಆಪರೇಷನ್ ಆಯ್ತು.

ನಮ್ಮಲ್ಲಿ ಈ ಪದ ಹೇಗೆ ಬಳಕೆಯಾಗುತ್ತೆ ನೋಡಿ. ಕಾಲು ಹೋದವನನ್ನ ನೋಡಿ ‘ಅವನ ಕರ್ಮ’ ಅಂತೀವಿ. ಬುದ್ಧಿ ಬೆಳೆಯದ ಮಗು ಇರೋ ತಾಯಿಗೆ ‘ಏನೋ ಹಿಂದಿನ ಜನ್ಮದ್ದು’ ಅಂತ ಸಮಾಧಾನ ಹೇಳ್ತೀವಿ. ಕೇಳೋರಿಗೆ ಅದು ಸಮಾಧಾನ ಅಲ್ಲ, ತಪ್ಪು ನಿಂದೇ ಅಂತ ಹೇಳಿದ ಹಾಗೆ. ಮಾತು ಆಡಿದವರು ಎದ್ದು ಹೋಗ್ತಾರೆ, ಕೇಳಿಸ್ಕೊಂಡವರು ಅದನ್ನ ಹೊತ್ತುಕೊಂಡು ಉಳೀತಾರೆ.

ಫ್ರೀಡಾ ಆ ಪದವನ್ನ ಬೇರೆಯವರ ಬಾಯಿಗೆ ಬಿಡಲಿಲ್ಲ, ತಾನೇ ಬರೆದಿಟ್ಟರು. ಜಿಂಕೆ ಬಿದ್ದಿಲ್ಲ, ಕಾಲುಗಳು ಇನ್ನೂ ಓಡ್ತಿವೆ. ಆ ಚಿತ್ರವನ್ನ ಅವರು ಕೊಟ್ಟಿದ್ದು ಸ್ನೇಹಿತ ದಂಪತಿಗೆ ಮದುವೆ ಉಡುಗೊರೆಯಾಗಿ! ವಿಧಿ ಇಲ್ಲ ಅಂತ ಅವರು ವಾದ ಮಾಡಲಿಲ್ಲ. ಬಾಣ ಬಾಣವೇ, ರಕ್ತ ರಕ್ತವೇ. ಆದ್ರೆ ಮೈಗೆ ಏನಾಯ್ತು ಅನ್ನೋದೇ ನಾನು ಯಾರು ಅನ್ನೋದಕ್ಕೆ ಪೂರ್ತಿ ಉತ್ತರ ಅಂತ ಒಪ್ಪಲಿಲ್ಲ. ಅವರ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರೆ ನನಗೆ ಕಾಣೋ ಮುಖ್ಯ ಮಾತು ಇದೇ.

ಕೊನೆಯ ವರ್ಷಗಳು

ಜೀವಮಾನದಲ್ಲಿ ಆದ ಆಪರೇಷನ್‌ಗಳು 30ಕ್ಕೂ ಹೆಚ್ಚು. ಪ್ಲಾಸ್ಟರ್ ಕವಚಗಳ ಮೇಲೂ ಚಿತ್ರ ಬರೆದ್ರು. ಕಮ್ಯುನಿಸ್ಟ್ ಆಗಿದ್ದರಿಂದ ಒಂದರ ಮೇಲೆ ಕತ್ತಿ–ಸುತ್ತಿಗೆ.

1953ರ ಏಪ್ರಿಲ್‌ನಲ್ಲಿ ಮೆಕ್ಸಿಕೊದಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ. ಎದ್ದೇಳಬಾರದು ಅಂತ ಡಾಕ್ಟರ್ ಹೇಳಿದ್ರು. ಫ್ರೀಡಾ ತಮ್ಮ ಮಂಚವನ್ನೇ ಗ್ಯಾಲರಿಗೆ ಕಳಿಸಿ, ತಾವು ಆಂಬ್ಯುಲೆನ್ಸ್‌ನಲ್ಲಿ ಬಂದು ಅದರ ಮೇಲೆ ಮಲಗಿಯೇ ಜನರನ್ನ ಮಾತಾಡಿಸಿದ್ರು. ಅದೇ ಆಗಸ್ಟ್‌ನಲ್ಲಿ ಬಲಗಾಲನ್ನ ಮಂಡಿ ಕೆಳಗೆ ಕತ್ತರಿಸಬೇಕಾಯ್ತು. ಕೃತಕ ಕಾಲಿಗೆ ಕೆಂಪು ಚರ್ಮದ ಬೂಟು ಮಾಡಿಸಿ ಗೆಜ್ಜೆ ಕಟ್ಟಿಸಿದರು. ಆದ್ರೆ ಕಾಲು ಹೋದ ಮೇಲೆ ಮನಸ್ಸು ಬಹಳ ಕುಗ್ಗಿತ್ತು ಅನ್ನೋದೂ ಅಷ್ಟೇ ನಿಜ. ಅವರನ್ನ ಬರೀ ‘ಸ್ಫೂರ್ತಿಯ ಚಿಲುಮೆ’ ಮಾಡಿಬಿಟ್ಟರೆ ಆ ನೋವನ್ನ ನಾವು ಮತ್ತೆ ಮುಚ್ಚಿದ ಹಾಗಾಗುತ್ತೆ.

1954ರ ಜುಲೈ 2ರಂದು ಗಾಲಿಕುರ್ಚಿಯಲ್ಲಿ ಕೂತು, ಗ್ವಾಟೆಮಾಲಾದಲ್ಲಿ ಅಮೆರಿಕ ಮಾಡಿದ ಹಸ್ತಕ್ಷೇಪದ ವಿರುದ್ಧದ ಮೆರವಣಿಗೆಗೆ ಬಂದಿದ್ದರು. ಜುಲೈ 13ರಂದು ತೀರಿಕೊಂಡರು. 47 ವರ್ಷ. ಹುಟ್ಟಿದ ನೀಲಿ ಬಣ್ಣದ ಮನೆಯಲ್ಲೇ ಸತ್ತಿದ್ದು, ಈಗ ಅದು ಮ್ಯೂಸಿಯಂ.

ನಮಗೆ ಇದು ಯಾಕೆ ಬೇಕು?

ಫ್ರೀಡಾ ಮುಖ ಈಗ ಟೀ-ಶರ್ಟು, ಚೀಲ, ಮೊಬೈಲ್ ಕವರ್ ಎಲ್ಲದರ ಮೇಲೂ ಇದೆ. 2018ರಲ್ಲಿ ಬಾರ್ಬಿ ಗೊಂಬೆಯೂ ಬಂತು. ಕೂಡುಹುಬ್ಬು ಸರಿಯಾಗಿಲ್ಲ, ಮೈಯ ತೊಂದರೆಯ ಸುಳಿವೇ ಇಲ್ಲ ಅಂತ ಟೀಕೆ ಬಂತು. ಹೆಸರಿನ ಹಕ್ಕಿನ ಜಗಳದಲ್ಲಿ ಮೆಕ್ಸಿಕೊದ ಕೋರ್ಟು ಅಲ್ಲಿ ಮಾರಾಟ ತಡೆಯಿತು. ಬದುಕಿಡೀ ಯಾವುದನ್ನ ಮುಚ್ಚಲ್ಲ ಅಂತ ಹಟ ಹಿಡಿದರೋ, ಸತ್ತ ಮೇಲೆ ಅದನ್ನೇ ಅಳಿಸಿ ಮಾರೋದು ನಡೆದಿದೆ.

ನಮ್ಮ ದೇಶದಲ್ಲಿ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತೆ. ಡಾಕ್ಟರ್ ನೋಡಿ ಶೇಕಡಾವಾರು ಬರೀತಾರೆ. ಶೇ. 40 ಇದ್ದರೆ ಹೆಚ್ಚಿನ ಸೌಲಭ್ಯ, ಅದಕ್ಕಿಂತ ಕಡಿಮೆ ಇದ್ದರೆ ಇಲ್ಲ. ಆ ಕಾರ್ಡು ಬೇಕೇ ಬೇಕು. ಪಿಂಚಣಿಗೂ, ಬಸ್ ಪಾಸಿಗೂ ಅದೇ ಆಧಾರ. ಆದ್ರೆ ಮನುಷ್ಯ ಶೇ. 40 ಅಲ್ಲ, ಶೇ. 75ರೂ ಅಲ್ಲ. ಕಾರ್ಡಿನಲ್ಲಿ ಉಳಿದ ಭಾಗಕ್ಕೆ ಜಾಗ ಇಲ್ಲ. ಫ್ರೀಡಾ ಬರೆದಿದ್ದು ಆ ಉಳಿದ ಭಾಗವನ್ನ: ಅವಳ ಸಿಟ್ಟು, ಆಸೆ, ಶೋಕಿ, ದೇಶ, ಗಂಡನ ಮೇಲಿನ ಮುನಿಸು ಎಲ್ಲಾ.

ಚಿತ್ರ ನೋಡೋಕೆ ಮೆಕ್ಸಿಕೊಗೆ ಹೋಗಬೇಕಿಲ್ಲ. ಮೊಬೈಲ್‌ನಲ್ಲಿ ಹುಡುಕಿದ್ರೆ ಸಿಗುತ್ತೆ. ಮೊದಲು ‘ಮುರಿದ ಕಂಬ’, ಆಮೇಲೆ ‘ಗಾಯಗೊಂಡ ಜಿಂಕೆ’ ನೋಡಿ. ಮೊಳೆ, ಬಾಣ ಎಣಿಸಿ ಆದ ಮೇಲೆ ಮುಖ ನೋಡಿ. ಎಡಮೂಲೆಯ ಪದವನ್ನೂ ದೊಡ್ಡದು ಮಾಡಿ ಓದಿ. ಮುಂದಿನ ಸಲ ಯಾರದ್ದೋ ಮುರಿದ ಕಾಲು ನೋಡಿ ಅದೇ ಪದ ಬಾಯಿಗೆ ಬಂದ್ರೆ, ಒಂದು ಕ್ಷಣ ತಡೆದು, ‘ಹೇಗಿದ್ದೀರಿ, ಈಗ ಏನು ಮಾಡ್ಕೊಂಡಿದ್ದೀರಿ?’ ಅಂತ ಕೇಳಿ. ಉತ್ತರ ಕೇಳೋಕೆ ಸ್ವಲ್ಪ ಹೊತ್ತು ಕೂತುಕೊಳ್ಳಿ.